ಕವರಿನೊಳಗಿನ ಅರ್ಧ ಕಿರೀಟ

ಆಗೆಲ್ಲ ಮನೆಗೆ ಬಂದ ಕಾಗದಕ್ಕೆ, ಓದಿ ಮುಗಿದ ಮೇಲೂ ಮನೆಯೊಳಗೆ ಒಂದು ಜಾಗ ಇರುತ್ತಿತ್ತು. ನಿಮ್ಮನೆಯಲ್ಲೂ ಇದ್ದಿರಬೇಕು, ನೆನೆಸಿಕೊಳ್ಳಿ. ಕೆಳಗೊಂದು ದುಂಡನೆ ಮರದ ಬಿಲ್ಲೆ, ಅದರ ನಡುವಿನಿಂದ ಎದ್ದ ಉದ್ದನೆ ತಂತಿ, ತುದಿಯಲ್ಲಿ ಕೊಕ್ಕೆ. ಬಂದ ಕಾರ್ಡು, ಕವರು ಎಲ್ಲದರ ಹೊಟ್ಟೆಗೂ ಚುಚ್ಚಿ ಆ ತಂತಿಗೆ ಏರಿಸಿ ಜಂತೆಗೆ ನೇತು ಹಾಕುತ್ತಿದ್ದರು. ಲಗ್ನದ ಕಾಗದವಾದರೆ ಮೂಲೆಗೆ ಅರಿಶಿನ ಹಚ್ಚಿರುತ್ತಿತ್ತು. ಸಾವಿನ ಕಾಗದ ಮಾತ್ರ ತಂತಿ ಏರುತ್ತಿರಲಿಲ್ಲ, ಓದಿದ ಕೂಡಲೇ ಹರಿದು ಹೊರಗೆ ಬಿಸಾಡಬೇಕು. ಉಳಿದವೆಲ್ಲ ಒಲೆಯ ಹೊಗೆ ಕುಡಿದು ಕುಡಿದು ಹುರಿದ ಕಡಲೆಕಾಯಿ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತಿದ್ದವು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದಕ್ಕೆ ಕೂತರೆ ಕೈಗಿಂತ ಬಾಯಿ ಮುಂದೆ ಓಡುತ್ತದೆ. ಆದರೂ ಬರೆಯಲೇಬೇಕು ಅಂತ ಕೂತಿದ್ದೀನಿ. ಯಾಕೆಂದರೆ ಮೊನ್ನೆ ನನ್ನ ಮೊಮ್ಮಗಳು ಸಿಂಚನ ಒಂದು ಮಾತು ಕೇಳಿದಳು. ಅದನ್ನು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ವಾರದ ನಡುವೆ, ಯಾವ ಹಬ್ಬವೂ ಇಲ್ಲದೆ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದ್ದೀನಿ. "ಏನ್ ಜಯಮ್ಮ, ವಿಶೇಷ?" ಅಂದವರಿಗೆ ಏನಂತ ಹೇಳಲಿ? ಮೊದಲಿಂದ ಹೇಳಿದರೇನೇ ಅರ್ಥವಾಗೋದು.

ನಮ್ಮೂರು ನಾಗಮಂಗಲದ ಕಡೆ, ದೇವಲಾಪುರಕ್ಕೆ ಹತ್ತಿರ. ಅವ್ವನ ತವರು ಶ್ರೀರಂಗಪಟ್ಟಣ. ಅವ್ವನ ಕೊನೇ ತಮ್ಮ ಚೆಲುವಯ್ಯ, ನನಗೆ ಚೆಲುವಮಾವ. ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದ. ಅವನು ಬಸ್ಸಿಳಿದ ಅಂದರೆ ನಮಗೆ ಬೇಸಿಗೆ ಶುರುವಾದ ಲೆಕ್ಕ. ನನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಬೀದಿ ಕೊನೆಯಿಂದಲೇ "ಲೇ ಸೊಸೆಮುದ್ದೂ!" ಅಂತ ಕೂಗು. ನಾನು ಕುಂಟೆಬಿಲ್ಲೆ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆ.

ಆ ಬೇಸಿಗೆಯಲ್ಲಿ ಅವನ ಚೀಲದಲ್ಲಿ ಒಂದು ದಪ್ಪ ಆಲ್ಬಮ್ಮು ಇತ್ತು. ಒಳಗೆ ಫೋಟೋ ಇಲ್ಲ, ಬರೀ ಅಂಚೆ ಕವರು, ಕಾರ್ಡು. ನನಗೆ ನಗು ಬಂತು.

"ಇದುನ್ನ ಯಾರಾದ್ರೂ ಆಲ್ಬಮ್ಗೆ ಹಾಕ್ತಾರಾ ಮಾವ? ನಮ್ಮನೆ ತಂತೀಲಿ ಬೇಕಾದಷ್ಟ್ ನೇತಾಡ್ತವೆ."

"ಬಾಯ್ಲಿ. ಇದುರ್ ಮೊಕ ನೋಡ್ಬ್ಯಾಡ, ಹೊಟ್ಟೆ ನೋಡು" ಅಂದು ಜಗಲಿಯ ಬಿಸಿಲಿಗೆ ಒಂದು ಕವರು ಎತ್ತಿ ಹಿಡಿದ.

ನೋಡುತ್ತೀನಿ, ಬೋಳು ಕವರಿನೊಳಗೆ ಒತ್ತೊತ್ತಾಗಿ ಸಣ್ಣ ಗೆರೆಗಳು! ದೂರದೂರಕ್ಕೆ ಅವುಗಳನ್ನು ಅಡ್ಡ ಕಟ್ಟಿದ ಬೇರೆ ಗೆರೆಗಳು. ಥೇಟು ನಮ್ಮ ಮೇಕೆ ಕೊಟ್ಟಿಗೆಯ ಬಿದಿರು ತಡಿಕೆ. ಕೆಳಗಿಳಿಸಿದರೆ ಏನೂ ಇಲ್ಲ. ಮತ್ತೆ ಎತ್ತಿದರೆ ತಡಿಕೆ.

ಆವತ್ತಿನಿಂದ ಅದಕ್ಕೆ ನಾವಿಬ್ಬರೂ ಇಟ್ಟ ಹೆಸರು ತಡಿಕೆ ಕಾಗದ. ಗೆರೆ ಇಲ್ಲದೆ ನುಣ್ಣಗಿದ್ದದ್ದು ಬೋಳು ಕಾಗದ. ಇವೆರಡೂ ಅಲ್ಲದೆ ಒಂದೊಂದರ ಹೊಟ್ಟೆಯಲ್ಲಿ ಹೂವೋ, ನಕ್ಷತ್ರವೋ, ಇಂಗ್ಲೀಷು ಅಕ್ಷರವೋ ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕೆ ಮಾವ ನೀರುಗುರುತು ಅನ್ನುತ್ತಿದ್ದ.

"ಕಾಗ್ದ ಮಾಡೋವಾಗ ಅದಿನ್ನೂ ಅಂಬ್ಲಿ ಇದ್ದಂಗಿರ್ತದೆ. ಆಗ್ಲೇ ತಂತೀಲಿ ಮಾಡಿದ್ ಬೊಂಬೆ ಒತ್ಬುಡ್ತಾರೆ. ಒತ್ತಿದ್ ಕಡೆ ತೆಳ್ಗಾಯ್ತದೆ. ತೆಳ್ಗಿರೋ ಕಡೆ ಬೆಳಕು ನುಗ್ತದೆ."

"ಅಕ್ಕಿರೊಟ್ಟಿ ತಟ್ಟೋವಾಗ ಬೆರ್ಳು ಒತ್ತಿದ್ರೆ ಗುಳಿ ಬೀಳ್ತದಲ್ಲ, ಅಂಗಾ?"

ಮಾವ ಬಾಯಿಬಿಟ್ಟು ನನ್ನ ಮುಖ ನೋಡಿದ. ಆಮೇಲೆ ಒಳಕ್ಕೆ ತಿರುಗಿ, "ಅಕ್ಕಾ, ನಿನ್ ಮಗ್ಳು ನನ್ನ ಮೀರುಸ್ತಾಳೆ ಕಣಕ್ಕಾ!" ಅಂತ ಕೂಗಿದ. ಆ ಮಾತು ನನ್ನ ತಲೆಗೆ ಹೂವು ಮುಡಿಸಿದ ಹಾಗಾಯಿತು. ನಮ್ಮನೆಯಲ್ಲಿ ಅಲ್ಲಿವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ.

ಆ ಬೇಸಿಗೆಯೆಲ್ಲ ನಮಗೆ ಅದೇ ಆಟ. ಮನೆಮನೆಗೆ ಹೋಗಿ ತಂತಿ ಇಳಿಸಿಕೊಂಡು ಕೂರುವುದು, ಒಂದೊಂದೇ ಬಿಸಿಲಿಗೆ ಹಿಡಿಯುವುದು. ಹೆಂಗಸರೆಲ್ಲ "ಏನ್ ಹುಡುಕ್ತೀರ್ರೋ, ನಿಧಿಯಾ?" ಅಂತ ನಗುತ್ತಾ ನೀರುಮಜ್ಜಿಗೆ, ಹಲಸಿನ ತೊಳೆ ತಂದಿಡುತ್ತಿದ್ದರು. ಹಲಸು ತಿಂದ ಕೈಯಲ್ಲಿ ಕಾಗದ ಮುಟ್ಟಿದರೆ ಮಾವ ತಲೆ ಮೇಲೆ ಮೊಟಕುತ್ತಿದ್ದ. ದಪ್ಪ ಕಾಗದ ಬಿಸಿಲಿಗೂ ಬಾಯಿ ಬಿಡದಿದ್ದರೆ ಅವನ ಹತ್ತಿರ ಇಂಕಿನ ಬುಡ್ಡಿಯಲ್ಲಿ ಪೆಟ್ರೋಲು ಇತ್ತು. ನನ್ನ ಸ್ಲೇಟಿನ ಮೇಲೆ ಕವರು ಬೋರಲು ಹಾಕಿ ಎರಡು ತೊಟ್ಟು ಬಿಟ್ಟರೆ ಕಪ್ಪು ಸ್ಲೇಟಿನ ಮೇಲೆ ಗುರುತು ತೇಲಿ ಬರುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗಿ ಮಾಯ. ಸ್ಕೂಲು ಶುರುವಾದ ಮೇಲೂ ನನ್ನ ಸ್ಲೇಟು ಬಸ್ಸಿನ ವಾಸನೆ ಹೊಡೆಯುತ್ತಿತ್ತು.

ಮಾವನ ಆಲ್ಬಮ್ಮಿನಲ್ಲಿ ಒಂದೇ ಥರದ ಎರಡು ಕವರು ಇದ್ದವು. ಎರಡೂ ಬರೆಯದೆ ಉಳಿದ ಹೊಸಾ ಕವರು. ಮೂಲೆಯಲ್ಲಿ ಕಂದು ಬಣ್ಣದಲ್ಲಿ ಹಳೇ ರಾಜನ ತಲೆ ಉಬ್ಬಿಕೊಂಡು ಕೂತಿತ್ತು. ಅವಳಿ ಜವಳಿ. "ಯಾವ್ದು ಯಾವ್ದು ಏಳು ನೋಡಾನ" ಅಂದ. ಬಿಸಿಲಿಗೆ ಹಿಡಿದೆ. ಒಂದು ಬೋಳು ಕಾಗದ. ಇನ್ನೊಂದು ತಡಿಕೆ, ಅದರ ಬಲ ಅಂಚಿನಲ್ಲಿ ಮುರಿದ ಬಾಚಣಿಗೆಯಂಥದ್ದು ಏನೋ.

"ಬಾಚಣ್ಗೆ ಅಲ್ಲ ಕಣೇ, ಕಿರೀಟ. ಅರ್ಧ ಕಿರೀಟ. ದೊಡ್ಡ್ ಹಾಳೆ ಕತ್ತರ್ಸಿ ಕವರ್ ಮಾಡೋವಾಗ ಗುರುತು ಎಲ್ಲಿ ಬೇಕಾದ್ರಲ್ಲಿ ತುಂಡಾಗೋಯ್ತದೆ. ಇದುರ್ ಪಕ್ಕದ್ ಕವರು ಎಲ್ಲೋ ಇರ್ತದೆ. ಅದುರ್ ಎಡ್ಗಡೆ ಉಳಿದ್ ಅರ್ಧ ಇರ್ತದೆ. ಅದು ಸಿಕ್ಬುಟ್ರೆ..." ಅಂದು ಬೀದಿ ಕಡೆ ನೋಡುತ್ತಾ ಕೂತ.

ಅಷ್ಟರಲ್ಲಿ ನಮ್ಮ ಮೇಕೆಮರಿ ಬಂದು ಜಗಲಿಯ ಮೇಲಿದ್ದ ಆ ಬೋಳು ಕವರಿನ ಮೂಲೆಗೆ ಬಾಯಿ ಹಾಕಿಬಿಟ್ಟಿತು. ಕಿತ್ತುಕೊಂಡೆವು. ಹರಿದಿರಲಿಲ್ಲ, ಮೂಲೆಯಲ್ಲಿ ಪುಟ್ಟ ಹಲ್ಲಿನ ಒತ್ತು ಉಳಿಯಿತು. ಮಾವ ಉಗುರಿನಲ್ಲಿ ತೀಡಿ ತೀಡಿ ಸರಿಮಾಡಿದ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಉಳಿದ ಅರ್ಧಕ್ಕೆ ಹಂಬಲಿಸುತ್ತಿದ್ದ ಅವನ ಮುಖ ನೋಡಿ ನನಗೆ ಅಜ್ಜಿಯ ಪೆಟ್ಟಿಗೆ ನೆನಪಾಯಿತು.

ಅಜ್ಜಿ ಅಂದರೆ ಅಪ್ಪನ ತಾಯಿ. ಅಜ್ಜಿಯ ಮರದ ಪೆಟ್ಟಿಗೆ ತೆಗೆದರೆ ಹೊಗೆಸೊಪ್ಪು, ಕರ್ಪೂರ ಎರಡೂ ಸೇರಿ ಘಮ್ಮನ್ನುತ್ತಿತ್ತು. ಅದರ ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ, ಒಂದು ಖಾಲಿ ಕವರು ಇತ್ತು. ಅದೇ ಕಂದು ರಾಜ.

"ನಿಮ್ ತಾತ ಬೆಳಗೊಳದ್ ಕಡೆ ನಾಲೆ ಅಗ್ಯಕ್ ಹೋಗಿದ್ರಲ್ಲ, ಆಗ ನಾನು ನಿಮ್ಮಪ್ಪನ್ ಬಸ್ರಿ" ಅಂತ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹೇಳುತ್ತಿತ್ತು. "ಈ ಕವರ್ ತಂದ್ಕೊಟ್ಟು, ‘ಕೂಸಾದ್ ತಕ್ಷಣ ಯಾರ್ ಕೈಲಾದ್ರೂ ಬರ್ಸಾಕು, ಬತ್ತೀನಿ’ ಅಂದ್ರು. ಕೂಸಾಯ್ತು. ಬರ್ಯೋರ್ನ ಹುಡುಕ್ತಾ ಇದ್ರೆ ಆಸಾಮಿನೇ ಬಂದು ಬಾಗ್ಲಲ್ಲಿ ನಿಂತ್ಬುಟ್ಟವ್ರೆ! ಕವರ್ ಅಂಗೇ ಉಳ್ಕತು. ನಿಮ್ ತಾತ ನಂಗೆ ಅಂತ ಕೈಯಾರ ತಂದ್ಕೊಟ್ಟಿದ್ದು ಇದೊಂದೇ ಕಣವ್ವ. ನಾನ್ ಕಣ್ಮುಚ್ಚುದ್ ಮ್ಯಾಲೆ ನಿಂದು. ಈಗಿಂದ್ಲೇ ಕಾಯ್ಕೊ."

ತಾತ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಅಜ್ಜಿ ಹಬ್ಬದ ದಿನ ಆ ಕವರು ತೆಗೆದು ಕಣ್ಣಿಗೊತ್ತಿಕೊಂಡು ಮತ್ತೆ ಮಡಿಕೆಯೊಳಗೆ ಇಡುತ್ತಿತ್ತು. ಕಾಯುವವಳು ನಾನು.

ಅಜ್ಜಿಯನ್ನು ಕೇಳಿ ತಂದು ಮಾವನ ಕೈಗೆ ಕೊಟ್ಟೆ. ಬಿಸಿಲಿಗೆ ಎತ್ತಿದ. ತಡಿಕೆ ಕಾಗದ. ಎಡ ಅಂಚಿನಲ್ಲಿ ಅರ್ಧ ಕಿರೀಟ.

ತನ್ನ ಕವರು ತಂದು ಪಕ್ಕ ಜೋಡಿಸಿದ. ತಡಿಕೆಯ ಗೆರೆಗೆ ಗೆರೆ ಕೂಡಿತು. ಕಿರೀಟ ಪೂರ್ತಿ ಆಯಿತು. ನಾನು ಕಿರುಚಿಬಿಟ್ಟೆ. ಮಾವ ಜೋಡಿಸಿದ್ದನ್ನು ಕೆಳಗಿಳಿಸಲೇ ಇಲ್ಲ.

ಆ ಸಂಜೆ ಅವನು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ. "ದೊಡ್ಡವ್ವ, ಆ ಕವರ್ ನಂಗ್ ಕೊಡಿ. ನಿಮ್ಗೆ ಬೇಕಾದ್ ಸೀರೆ ತಂದ್ಕೊಡ್ತೀನಿ."

"ಏನ್ ಬೇಕಾದ್ರೂ ಕೇಳಪ್ಪ. ಅದೊಂದ್ ಬ್ಯಾಡ."

ಮಾವ ನಕ್ಕ. "ಆಯ್ತು ಬುಡಿ ದೊಡ್ಡವ್ವ" ಅಂದ. ಆಮೇಲೆ ನನ್ನ ಜಡೆ ಎಳೆದು, "ಅರ್ಧ ನಿಮ್ಮನೇಲಿರ್ಲಿ, ಅರ್ಧ ನಮ್ಮನೇಲಿರ್ಲಿ ಸೊಸೆಮುದ್ದು. ನೆಂಟಸ್ತನ ಇದ್ದಂಗೆ. ನೀನ್ ದೊಡ್ಡೋಳಾಗಿ ಬಂದಾಗ ಜೋಡ್ಸಿ ನೋಡಾನ" ಅಂದ. ಅಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಮಲಗುವಾಗಲೂ ಅದನ್ನೇ ಮೆಲುಕು ಹಾಕಿದೆ.

ಹೊರಡುವ ದಿನ ಬೆಳಿಗ್ಗೆ, "ಒಂದ್ಸಲ ತೋರ್ಸೇ, ಕಣ್ತುಂಬ ನೋಡ್ಕಂಡ್ ಓಯ್ತೀನಿ" ಅಂದ. ಅಜ್ಜಿ ಹಿತ್ತಿಲಲ್ಲಿತ್ತು. ಪೆಟ್ಟಿಗೆ ತೆಗೆದು ಕೊಟ್ಟೆ. "ಬಾಯಾರ್ತದೆ, ಮಜ್ಗೆ ತತ್ತಾ" ಅಂದ. ಲೋಟ ತೊಳೆದು ಮಜ್ಜಿಗೆ ತರುವಷ್ಟರಲ್ಲಿ ಕವರು ಸೀರೆ ಮಡಿಕೆ ಸೇರಿತ್ತು, ಪೆಟ್ಟಿಗೆ ಮುಚ್ಚಳ ಬಿದ್ದಿತ್ತು. ಮಜ್ಜಿಗೆ ಒಂದೇ ಗುಟುಕಿಗೆ ಕುಡಿದು ಬಸ್ಸಿಗೆ ಹೋದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಿಂದ ಕೈ ಬೀಸುತ್ತಿದ್ದ. ನಾನೂ ಬೀಸಿದೆ.

ಅವನು ಹೋದ ಮೇಲೆ ಮನೆ ಭಣಗುಟ್ಟಿತು. ಕೆಲವು ದಿನ ಕಳೆದು, ಮಾವನ ನೆನಪಾಗಿ, ಕವರು ತೆಗೆದುಕೊಂಡು ನಡುಮನೆಯ ಗಾಜಿನ ಹೆಂಚಿನ ಕೆಳಗೆ ನಿಂತೆ. ಎತ್ತಿ ಹಿಡಿದೆ.

ತಡಿಕೆ ಇಲ್ಲ. ಕಿರೀಟ ಇಲ್ಲ.

ತಿರುಗಿಸಿ ಹಿಡಿದೆ. ಮೋಡ ಇರಬೇಕು ಅಂತ ಅಂಗಳಕ್ಕೆ ಓಡಿ ಬಿಸಿಲಿಗೆ ಹಿಡಿದೆ. ನುಣ್ಣಗೆ, ಬೋಳು. ಮೂಗಿನ ಹತ್ತಿರ ತಂದರೆ ಹೊಗೆಸೊಪ್ಪಿಲ್ಲ, ಕರ್ಪೂರವಿಲ್ಲ, ಪೆಟ್ರೋಲಿನ ವಾಸನೆ. ಮೂಲೆ ನೋಡಿದೆ. ಅಲ್ಲಿತ್ತು ನಮ್ಮ ಮೇಕೆಮರಿಯ ಹಲ್ಲಿನ ಒತ್ತು.

ಆಗ ನನಗಾದದ್ದು ಸಿಟ್ಟಲ್ಲ. ಮೊದಲು ನಾಚಿಕೆಯಾಯಿತು, ನಾನೇ ಏನೋ ತಪ್ಪು ನೋಡುತ್ತಿದ್ದೀನಿ ಅಂತ. ಅವನೇ ಕಲಿಸಿದ ಕಣ್ಣಿಂದ ಅವನನ್ನೇ ಹಿಡಿದೆ ಅನ್ನುವುದು ತಲೆಗೆ ಇಳಿಯಲಿಕ್ಕೆ ಹೊತ್ತು ಹಿಡಿಯಿತು. ಅವ್ವನ ಹತ್ತಿರ ಓಡಿದೆ. ಅವ್ವ ಸೌದೆ ತಳ್ಳುತ್ತಾ ಕವರು ನೋಡಿತು.

"ರಾಜ ಅವ್ನೆ, ಕವರ್ ಅದೆ. ಇನ್ನೇನ್ ಬೇಕೆ ನಿಂಗೆ?"

"ಇದು ಅದಲ್ಲ ಕಣವ್ವ. ಇದು ಬೋಳು. ಮೂಲೇಲಿ ಮೇಕೆ ಕಚ್ಚಿರೋದ್ ನೋಡು."

"ಇಲಿ ಕಚ್ಚಿರ್ತದೆ. ನನ್ ತಮ್ಮುನ್ ಮ್ಯಾಲೆ ಕಳ್ತನ ಒರುಸ್ತೀಯಾ? ಬಾಯ್ ಮುಚ್ಕ ಓಗು!"

ಆದರೂ ನಾನು ಮಾವನನ್ನು ಬಿಟ್ಟುಕೊಡಲಿಲ್ಲ. ಅವಸರದಲ್ಲಿ ಅದಲು ಬದಲಾಗಿರಬೇಕು, ಗೌರಿಹಬ್ಬಕ್ಕೆ ಬರುತ್ತಾನಲ್ಲ, ಆಗ ಹೇಳಿದರೆ "ಅಯ್ಯೋ ಸೊಸೆಮುದ್ದು" ಅಂದು ವಾಪಸು ಕೊಡುತ್ತಾನೆ ಅಂದುಕೊಂಡೆ. ಹಬ್ಬದವರೆಗೂ ಅದನ್ನೇ ನಂಬಿಕೊಂಡು ಬದುಕಿದೆ ಅನ್ನಿ.

ಗೌರಿಹಬ್ಬಕ್ಕೆ ತವರಿನ ಬಾಗಿನ ಹೊತ್ತು ಮಾವ ಬಂದ. ಮೊರದ ತುಂಬ ಬಳೆ, ಬಿಚ್ಚೋಲೆ, ರವಿಕೆಕಣ. ಮೇಲೆ ಒಂದು ಪೊಟ್ಟಣ ಮೈಸೂರುಪಾಕು. ಅವ್ವನ ಮುಖ ನೋಡಬೇಕಿತ್ತು! ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದ್ದರು. ಮಾವನಿಗೆ ಮೈಸೂರಿನಲ್ಲಿ ಯಾವುದೋ ವಸ್ತುಪ್ರದರ್ಶನದಲ್ಲಿ ಬಹುಮಾನ ಬಂದಿದೆಯಂತೆ, ಕವರು ಜೋಡಿಸಿದ್ದಕ್ಕೆ. ಅವ್ವ ಎಲ್ಲರ ಬಾಯಿಗೂ ಮೈಸೂರುಪಾಕು ಇಟ್ಟಿತು. ನನ್ನ ಬಾಯಿಗೂ.

ನುಂಗಲಾಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಕವರು ತಂದು ಅವನ ಮುಂದೆ ಹಿಡಿದೆ.

"ಮಾವ, ಇದು ನಿಂದು. ನಮ್ಮಜ್ಜೀದ್ ಕೊಡು. ಅದ್ರಲ್ಲಿ ತಡಿಕೆ ಇತ್ತು, ಅರ್ಧ ಕಿರೀಟ ಇತ್ತು. ಇದು ಬೋಳು."

ಮಾವ ಕವರು ತೆಗೆದುಕೊಂಡ. ಬಿಸಿಲಿಗೆ ಹಿಡಿಯಲೇ ಇಲ್ಲ. ಮುಂದೆ ನೋಡಿದ, ಹಿಂದೆ ನೋಡಿದ, ಹೆಂಗಸರ ಕಡೆ ತಿರುಗಿ ನಕ್ಕ.

"ಕಾಗ್ದದ್ ಒಳ್ಗೆ ಕಿರೀಟ ಎಲ್ಲಿಂದ್ ಬತ್ತದೆ ಏಳಿ! ಬ್ಯಾಸ್ಗೇಲಿ ಮಗೀಗ್ ಒತ್ತೋಗ್ಲಿ ಅಂತ ಸುಮ್ಕೆ ಕತೆ ಏಳಿದ್ದೆ. ನಿಜ ಅನ್ಕಂಡ್ಬುಟ್ಟದೆ ಪಾಪ."

ಎಲ್ಲರೂ ನಕ್ಕರು. ಬೇಸಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟಿದ್ದ ಹೆಂಗಸರೇ. "ಅಯ್ಯೋ ನಮ್ ಜಯಿ, ಕಾಗ್ದದಲ್ ಕಿರೀಟ ಕಾಣ್ತದಂತೆ!" ಅಂತ ಒಬ್ಬಳು ಅಂದಳು. ಆ ಮಾತು ಊರಲ್ಲಿ ಉಳಿದುಹೋಯಿತು. ಬಾವಿಕಟ್ಟೆಯಲ್ಲಿ, ಹೊಲದಲ್ಲಿ, ನಾನು ಏನಾದರೂ ಹೇಳಿದರೆ ಸಾಕು, "ಕಿರೀಟ ಕಂಡ್ತಾ ಜಯೀ?"

ಕವರು ಕದ್ದದ್ದು ಒಂದು ತೂಕ ಆದರೆ ಆ ನಗು ಇನ್ನೊಂದು ತೂಕ. ಕದ್ದಿದ್ದರೆ ಕದ್ದುಕೊಳ್ಳಲಿ. ನನಗೆ ಕಾಣಿಸಿದ್ದನ್ನೇ ಇಲ್ಲ ಅಂದುಬಿಟ್ಟನಲ್ಲ! ಜಗಲಿ, ಸ್ಲೇಟು, ಅಕ್ಕಿರೊಟ್ಟಿ ಮಾತು, "ನನ್ನ ಮೀರುಸ್ತಾಳೆ" ಅಂದದ್ದು ಎಲ್ಲವನ್ನೂ ಒಂದೇ ನಗುವಿನಲ್ಲಿ ಒರೆಸಿ ಹಾಕಿದ.

ಅವನ ಕೈಯಿಂದ ಕವರು ಕಿತ್ತುಕೊಂಡು ಹಿತ್ತಿಲಿಗೆ ಹೋಗಿ ಮೈಸೂರುಪಾಕು ಉಗಿದು ಹುಣಸೆಮರದ ಬುಡದಲ್ಲಿ ಕೂತೆ. ಅಜ್ಜಿ ಕೋಲೂರಿಕೊಂಡು ಬಂತು. ಕವರು ಇಸಕೊಂಡು ಮೂಸಿತು. ಇನ್ನೊಂದು ಸಲ ಮೂಸಿತು.

"ಇದು ನಂದಲ್ಲ" ಅಂತು.

ನಾನು ಎದ್ದು ನಿಂತುಬಿಟ್ಟೆ. "ಬಾ ಅಜ್ಜಿ, ಎಲ್ರ ಮುಂದೆ ಏಳು ಬಾ!"

ಅಜ್ಜಿ ನನ್ನ ಕೈ ಹಿಡಿದು ಕೂರಿಸಿತು. "ಏಳಕ್ಕಿಲ್ಲ ಮಗ. ವರ್ಸುಕ್ ಒಂದ್ ಕಿತ ನಿಮ್ಮವ್ವುಂಗೆ ತವರು ಅಂತ ಬರೋದು ಆ ಮೊರ. ಇವತ್ ನಾನ್ ಬಾಯ್ ಬುಟ್ರೆ ನಾಳೆಯಿಂದ ಅದು ಬರಕ್ಕಿಲ್ಲ. ನಿಮ್ಮವ್ವ ಯಾರ್ತಾವ್ ಓಯ್ತಾಳೆ?"

"ಮತ್ತೆ ನಿನ್ ಕವರು? ತಾತ ಕೊಟ್ಟಿದ್ದು?"

ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಆ ಬೋಳು ಕವರನ್ನೇ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿತು. ಮುಂದಿನ ಹಬ್ಬದಲ್ಲಿ ಅದನ್ನು ತೆಗೆದು ಕಣ್ಣಿಗೊತ್ತಿಕೊಳ್ಳಲಿಲ್ಲ. ಆಮೇಲೂ ಯಾವತ್ತೂ ಒತ್ತಿಕೊಳ್ಳಲಿಲ್ಲ. ಅಜ್ಜಿಯ ನ್ಯಾಯ ಈಗ ಅರ್ಥವಾಗುತ್ತದೆ. ಆದರೆ ಆ ಹುಣಸೆಮರದ ಕೆಳಗೆ ನನಗೆ ಅನಿಸಿದ್ದು, ನಿಜ ಗೊತ್ತಿದ್ದ ಇನ್ನೊಬ್ಬರೂ ನನ್ನ ಕೈ ಬಿಟ್ಟರು ಅಂತಲೇ.

ಮಾವ ಬರುತ್ತಲೇ ಇದ್ದ, ಬಾಗಿನ ತರುತ್ತಲೇ ಇದ್ದ. "ಸೊಸೆಮುದ್ದು" ಅಂತ ಕರೆಯುತ್ತಲೇ ಇದ್ದ. ನಾನು ಓಡಲಿಲ್ಲ, ನಡೆದುಕೊಂಡು ಹೋಗಿ ಚೀಲ ಇಸಕೊಳ್ಳುತ್ತಿದ್ದೆ. ಕಾಗದಗಳನ್ನು ಬಿಸಿಲಿಗೆ ಹಿಡಿಯುವುದು ನಿಲ್ಲಿಸಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲೂ ನಿಂತಿತು. ಅಜ್ಜಿ ಹೋದ ಮೇಲೆ ಪೆಟ್ಟಿಗೆ ನನಗೆ ಬಂತು. ಮದುವೆಯಾಗಿ ಪಾಂಡವಪುರಕ್ಕೆ ಬರುವಾಗ ಜೊತೆಗೇ ತಂದೆ. ನನ್ನ ಗಂಡನಿಗೂ ಈ ಕತೆ ಹೇಳಲಿಲ್ಲ. ಅವರೂ ನಕ್ಕುಬಿಟ್ಟರೆ?

ಈಗ ಸಿಂಚನಳ ಮಾತಿಗೆ ಬರುತ್ತೀನಿ. ನನ್ನ ಮಗನ ಮಗಳು, ಏಳನೇ ಕ್ಲಾಸು. ಅವಳಿಗೆ ಸ್ಟ್ಯಾಂಪು, ಕವರಿನ ಹುಚ್ಚು ಹಿಡಿದಿದೆ, ಮೊಬೈಲಿನಲ್ಲಿ ನೋಡಿ ಕಲಿತದ್ದು. ನಾನಂತೂ ಕಲಿಸಿಲ್ಲ, ಆಣೆ! ಮೊನ್ನೆ ಭಾನುವಾರ ಮಧ್ಯಾಹ್ನ ನಾನು ಅವರೆಕಾಳು ಹಿಸುಕುತ್ತಿದ್ದೆ, ಪಕ್ಕದಲ್ಲಿ ಬಂದು ಕೂತಳು.

"ಅಜ್ಜೀ, ನಿಂಗೊಂದು ಮ್ಯಾಜಿಕ್ ತೋರಿಸ್ಲಾ? ಪೇಪರ್ ಒಳಗೇ ಡಿಸೈನ್ ಇರುತ್ತೆ ಗೊತ್ತಾ?"

ಕೈಯಲ್ಲಿದ್ದ ಅವರೆಕಾಳು ಚಿಮ್ಮಿ ಎಲ್ಲೋ ಹೋಯಿತು. ಎದ್ದು ಹೋಗಿ ಪೆಟ್ಟಿಗೆ ತೆಗೆದೆ. ಕವರು ತಂದು ಕೊಟ್ಟೆ.

"ಇದ್ರಲ್ ಏನೈತೆ ನೋಡೇಳು ಮಗ."

ಮೊಬೈಲಿನ ಟಾರ್ಚು ಹಚ್ಚಿ ಕವರಿನ ಹಿಂದೆ ಹಿಡಿದಳು. ಮೇಲೆ, ಕೆಳಗೆ, ಆ ಮೂಲೆ, ಈ ಮೂಲೆ. ಇಷ್ಟು ವರ್ಷ ನನ್ನ ಕಣ್ಣೇ ಸುಳ್ಳಿದ್ದರೆ? ಊರೆಲ್ಲ ನಕ್ಕಿದ್ದೇ ಸರಿಯಾಗಿದ್ದರೆ?

"ಏನೂ ಇಲ್ಲ ಅಜ್ಜಿ. ಪ್ಲೇನ್ ಪೇಪರ್."

"ಇನ್ನೊಂದ್ಸಲ ನೋಡು."

ಇನ್ನೊಂದು ಸಲ ನೋಡಿದಳು. "ಇಲ್ಲ ಅಜ್ಜಿ, ಏನೇನೂ ಇಲ್ಲ." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಇರಬೇಕಿತ್ತಾ?" ಅಂದಳು.

ಇರಬೇಕಿತ್ತಾ! ಅವ್ವ ಕೇಳಲಿಲ್ಲ, ಊರು ಕೇಳಲಿಲ್ಲ. ಈ ಮಗು ಕೇಳಿತು. ಅವಳನ್ನು ತಬ್ಬಿಕೊಂಡು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. "ಇರ್ಬೇಕಿತ್ತು ಮಗ, ಇರ್ಬೇಕಿತ್ತು" ಅಂತ ಅಷ್ಟನ್ನೂ ಹೇಳಿದೆ. ಅವಳು ನಗಲಿಲ್ಲ. ನಡುನಡುವೆ "ಯಾವ ಕಡೆ ಅಂಚಲ್ಲಿತ್ತು ಅಜ್ಜಿ? ಎಡಕ್ಕಾ?" ಅಂತ ಕೇಳಿದಳು. ಒಬ್ಬಟ್ಟು ಅದಕ್ಕೇ.

ಆದರೂ ಒಬ್ಬಟ್ಟು ಹಂಚಿ ಬಂದು ಕೂತು ಮನೆ ಸುತ್ತ ಕಣ್ಣು ಹಾಯಿಸಿದೆ. ಕಾಗದದ ತಂತಿ ಯಾರ ಮನೆಯಲ್ಲೂ ಇಲ್ಲ. ಸಾವಿನ ಸುದ್ದಿಯೂ ಲಗ್ನದ ಸುದ್ದಿಯೂ ಒಂದೇ ಮೊಬೈಲಿಗೆ ಬರುತ್ತವೆ, ಹರಿಯುವುದಕ್ಕೂ ಇಲ್ಲ, ಅರಿಶಿನ ಹಚ್ಚುವುದಕ್ಕೂ ಇಲ್ಲ. ಅವ್ವನೂ ಇಲ್ಲ, ತವರಿನ ಮೊರವೂ ಇಲ್ಲ. ಮಾವನೂ ಹೋದ. ಆ ಪೂರ್ತಿ ಕಿರೀಟ ಈಗ ಯಾರ ಆಲ್ಬಮ್ಮಿನಲ್ಲಿದೆಯೋ, ಅವನ ಮಕ್ಕಳಿಗೂ ತಿಳಿಯದು. ನನ್ನನ್ನು ಸೊಸೆಮುದ್ದು ಅಂತ ಕರೆದದ್ದು ಲೋಕದಲ್ಲಿ ಒಬ್ಬನೇ. ಆ ಕೂಗಿಗೆ ಮತ್ತೆ ಓಡಿಹೋಗುವ ಹಾಗೆ ಅವನು ನನ್ನನ್ನು ಉಳಿಸಲಿಲ್ಲ. ಅವತ್ತು ಹೋದದ್ದರಲ್ಲಿ ನನಗೆ ಕವರಿಗಿಂತ ದೊಡ್ಡದು ಅದೇ.

ಸಂಜೆ ಸಿಂಚನ ಆ ಕವರನ್ನು ತನ್ನ ಆಲ್ಬಮ್ಮಿಗೆ ಸೇರಿಸಿ, ಕೆಳಗೆ ಪುಟ್ಟ ಚೀಟಿ ಅಂಟಿಸಿ, ಪೆನ್ನು ಹಿಡಿದು ಕೂತಳು.

"‘ಬೋಳು ಕಾಗದ’ ಅಂತ ಬರ್ದಿದ್ದೀನಿ. ಕೆಳಗೆ ‘ಅಜ್ಜಿಯದು’ ಅಂತ ಹಾಕ್ಲಾ?"

"ಬ್ಯಾಡ" ಅಂದೆ. "ಅಜ್ಜೀದು ಬ್ಯಾರೆ ಇತ್ತು. ಇದು ಚೆಲುವಮಾವಂದು ಅಂತ ಬರಿ."